ಡಿಎಕ್ಯೂ ಕಾರ್ಡ್‌ನಿಂದ ಸಿಗ್ನಲ್ ಶುದ್ಧವಾಗಿ ಬರುತ್ತಿಲ್ಲವೇ? ಹೀಗೆ ಹುಡುಕಿ

"ಮೇಡಂ, ಕಾರ್ಡ್ ಹೋಯ್ತು ಅನ್ಸುತ್ತೆ."

ನಮ್ಮ ವೈಬ್ರೇಷನ್ ಲ್ಯಾಬ್‌ನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಕಾರ್ಡ್ ಅಂದರೆ ಡಿಎಕ್ಯೂ ಕಾರ್ಡ್: ಕಂಪ್ಯೂಟರಿನ ಅಂಕಿಗಳನ್ನು ವೋಲ್ಟೇಜ್ ಮಾಡಿ ಹೊರಗೆ ಕೊಡುವ, ಹೊರಗಿನ ವೋಲ್ಟೇಜನ್ನು ಅಂಕಿ ಮಾಡಿ ಓದುವ ಸಾಧನ. ಸಿಆರ್‌ಓ (ವೋಲ್ಟೇಜಿನ ಅಲೆಯನ್ನು ತೋರಿಸುವ ಆಸಿಲೋಸ್ಕೋಪ್) ಪರದೆಯಲ್ಲಿ ಚೆಂದದ ಸೈನ್ ವೇವ್ ಇರಬೇಕಾದ ಕಡೆ ಮೆಟ್ಟಿಲು, ಮೊಳೆಯಂಥ ಮೊನೆ, ಇಲ್ಲವೇ ಕಂಬಳಿಯಷ್ಟು ದಪ್ಪದ ಗೆರೆ ಕಾಣುತ್ತದೆ. ಕಾರ್ಡ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಇಷ್ಟು ವರ್ಷಗಳಲ್ಲಿ ಕಾರ್ಡೇ ಕೆಟ್ಟಿದ್ದನ್ನು ನಾನು ನೋಡಿದ್ದು ಎರಡೇ ಸಲ. ಉಳಿದ ಅಷ್ಟೂ ಸಲ ತಪ್ಪು ಇದ್ದದ್ದು ನಾವು ಕಾರ್ಡಿಗೆ ಕೊಟ್ಟ ಅಂಕಿಗಳಲ್ಲಿ, ಎಳೆದ ವೈರಿನಲ್ಲಿ, ಇಲ್ಲವೇ ಹೇರಿದ ಲೋಡಿನಲ್ಲಿ.

ಇಲ್ಲಿ ಬರುವ ಅಂಕಿಗಳೆಲ್ಲ ಎನ್‌ಐ (ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್) ಕಂಪನಿಯ ಯುಎಸ್‌ಬಿ-6211 ಕಾರ್ಡಿನವು. ಇದರಲ್ಲಿ ಎರಡು ಅನಲಾಗ್ ಔಟ್‌ಪುಟ್ ಇವೆ. 16 ಬಿಟ್, ಮೈನಸ್ 10ರಿಂದ ಪ್ಲಸ್ 10 ವೋಲ್ಟ್, ಸೆಕೆಂಡಿಗೆ 2,50,000 ಸ್ಯಾಂಪಲ್‌ವರೆಗೆ (ಒಂದು ಸ್ಯಾಂಪಲ್ ಅಂದರೆ ಒಂದು ವೋಲ್ಟೇಜಿನ ಅಂಕಿ). ನಿಮ್ಮದು ಬೇರೆ ಕಾರ್ಡ್ ಆದರೆ ಅಂಕಿ ಬದಲಾಗುತ್ತದೆ, ಹುಡುಕುವ ದಾರಿ ಅದೇ. ನಮ್ಮ ಜೋಡಣೆ ಹೀಗಿದೆ: ಲ್ಯಾಪ್‌ಟಾಪ್, ಅದರಿಂದ ಕಾರ್ಡ್, ಕಾರ್ಡಿನಿಂದ ಪವರ್ ಆಂಪ್ಲಿಫೈಯರ್, ಅಲ್ಲಿಂದ ಶೇಕರ್ (ಪರೀಕ್ಷಿಸುವ ವಸ್ತುವನ್ನು ಅಲುಗಾಡಿಸುವ ಯಂತ್ರ).

ಏನೇ ಲಕ್ಷಣ ಇರಲಿ, ಮೊದಲು ಇದೊಂದು ಮಾಡಿ

ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ಇಳಿಸಿ, ಆಫ್ ಮಾಡಿ. ಆಮೇಲೆ ಕಾರ್ಡಿನ ಔಟ್‌ಪುಟ್‌ನಿಂದ ಎಲ್ಲ ವೈರ್ ಬಿಚ್ಚಿ. ಸಿಆರ್‌ಓ ಪ್ರೋಬನ್ನು ನೇರವಾಗಿ ಎಒ 0 (ಮೊದಲ ಅನಲಾಗ್ ಔಟ್‌ಪುಟ್) ತಿರುಪಿಗೆ, ಅದರ ಗ್ರೌಂಡ್ ಕ್ಲಿಪ್ಪನ್ನು ಎಒ ಗ್ರೌಂಡ್ ತಿರುಪಿಗೆ ಹಾಕಿ. ಈಗ 100 ಹರ್ಟ್ಸ್, 1 ವೋಲ್ಟ್ ಸೈನ್ ವೇವ್ ಬಿಟ್ಟು ನೋಡಿ.

ಇಲ್ಲಿ ಚೆನ್ನಾಗಿದ್ದರೆ ಕಾರ್ಡ್, ಪ್ರೋಗ್ರಾಂ ಎರಡೂ ಬಹುಮಟ್ಟಿಗೆ ಸರಿ ಇವೆ. ತಪ್ಪು ಹೊರಗೆ ಇದೆ: ವೈರ್, ಲೋಡ್, ಗ್ರೌಂಡ್. ಇಲ್ಲೇ ಕೆಟ್ಟಿದ್ದರೆ ಹೊರಗಿನ ವೈರನ್ನು ಬದಲಾಯಿಸುತ್ತಾ ಕೂರಬೇಡಿ. ತಪ್ಪು ಅಂಕಿಗಳಲ್ಲಿ, ಕ್ಲಾಕ್‌ನಲ್ಲಿ ಇಲ್ಲವೇ ಲ್ಯಾಪ್‌ಟಾಪ್ ಕಡೆ ಇದೆ. ಐದು ನಿಮಿಷದ ಈ ಕೆಲಸ ಅರ್ಧ ದಿನ ಉಳಿಸುತ್ತದೆ.

ಸಿಆರ್‌ಓ ಹೇಳುತ್ತಿರುವುದು ನಿಜವೇ ಅಂತಲೂ ನೋಡಿಕೊಳ್ಳಿ. ಪ್ರೋಬ್ ಮೇಲೆ 10ಎಕ್ಸ್ ಇದ್ದು ಸಿಆರ್‌ಓ ಮೆನುವಿನಲ್ಲಿ 1ಎಕ್ಸ್ ಇದ್ದರೆ ಸಿಗ್ನಲ್ ಹತ್ತನೇ ಒಂದು ಭಾಗ ಕಾಣುತ್ತದೆ. ಸಿಆರ್‌ಓ ಮುಖದಲ್ಲಿರುವ ಕ್ಯಾಲಿಬ್ರೇಷನ್ ಕೊಂಡಿಗೆ ಪ್ರೋಬ್ ಹಾಕಿ, ಚೌಕದ ಅಲೆ ಚೌಕವಾಗಿಯೇ ಕಾಣುತ್ತದೆಯೇ ನೋಡಿ. ಸಿಆರ್‌ಓ ಇಲ್ಲದವರು ಎಒ 0ವನ್ನು ಅದೇ ಕಾರ್ಡಿನ ಇನ್‌ಪುಟ್‌ಗೆ ಕೊಟ್ಟು ಓದಿಸಬಹುದು. ಆದರೆ ಇನ್‌ಪುಟ್‌ನ ಸ್ಯಾಂಪಲ್ ರೇಟ್ ಕಡಿಮೆ ಇದ್ದರೆ ಮೇಲಿನ ಫ್ರೀಕ್ವೆನ್ಸಿಯ ಕಸ ಕೆಳಗೆ ಮಡಚಿಕೊಂಡು ಬಂದು, ಇಲ್ಲದ ಸಿಗ್ನಲ್ಲನ್ನು ತೋರಿಸುತ್ತದೆ. ಅದೊಂದು ಎಚ್ಚರ ಇರಲಿ.

ಜಾಗ್ರತೆ: ಕಾರ್ಡಿಗೆ ಪವರ್ ಬರುವಾಗ, ಯುಎಸ್‌ಬಿ ಕಿತ್ತು ಹಾಕುವಾಗ ಔಟ್‌ಪುಟ್ ಒಂದು ಕ್ಷಣ ಜಿಗಿಯುತ್ತದೆ. ಆಂಪ್ಲಿಫೈಯರ್ ಆನ್ ಇದ್ದರೆ ಆ ಜಿಗಿತ ಶೇಕರ್‌ಗೆ ಒದೆತವಾಗಿ ಹೋಗುತ್ತದೆ. ಹಾಗಾಗಿ ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಶೇಕರ್ ಮೇಲೆ ಕೈ ಇಟ್ಟುಕೊಂಡು ಯಾರೂ ಪ್ರೋಗ್ರಾಂ ರನ್ ಮಾಡಬಾರದು.

ಏನೂ ಬರುತ್ತಿಲ್ಲ, ಅಥವಾ ಒಂದೇ ವೋಲ್ಟೇಜಿನಲ್ಲಿ ನಿಂತುಬಿಟ್ಟಿದೆ

ಪ್ರೋಗ್ರಾಂ ಬಿಟ್ಟು, ಕಾರ್ಡಿನ ಜೊತೆ ಬರುವ ಟೆಸ್ಟ್ ಪ್ಯಾನಲ್‌ನಲ್ಲಿ ಸುಮ್ನೆ 2 ವೋಲ್ಟ್ ಡಿಸಿ ಬರೆಯಿರಿ. ಮಲ್ಟಿಮೀಟರ್‌ನಲ್ಲಿ 2.00 ಬಂದರೆ ಕಾರ್ಡ್ ಸರಿ ಇದೆ. ಬರದಿದ್ದರೆ ತಿರುಪು ನೋಡಿ. ವೈರಿನ ಪ್ಲಾಸ್ಟಿಕ್ ಮೇಲೆಯೇ ತಿರುಪು ಕೂತಿರುವುದು ಬಹಳ ಸಾಮಾನ್ಯ. ಮೇಲಿಂದ ಬಿಗಿಯಾಗಿ ಕಾಣುತ್ತದೆ, ಒಳಗೆ ತಾಮ್ರ ಮುಟ್ಟಿರುವುದಿಲ್ಲ.

ಇನ್ನೊಂದು: ಟಾಸ್ಕ್ ಮುಗಿದ ಮೇಲೆ ಔಟ್‌ಪುಟ್ ತಾನಾಗಿ ಸೊನ್ನೆಗೆ ಬರುವುದಿಲ್ಲ. ಕೊನೆಯ ಸ್ಯಾಂಪಲ್ ಎಷ್ಟಿತ್ತೋ ಅಲ್ಲೇ ನಿಲ್ಲುತ್ತದೆ. ಪ್ರೋಗ್ರಾಂ ಕೊನೆಯಲ್ಲಿ ಸೊನ್ನೆ ಬರೆಯುವ ಸಾಲು ಇರಲೇಬೇಕು. ಇದು ಶಿಸ್ತಿನ ಮಾತಷ್ಟೇ ಅಲ್ಲ. ಡಿಸಿ ವೋಲ್ಟೇಜ್ ನಿಂತುಬಿಟ್ಟರೆ ಶೇಕರ್‌ನ ಕಾಯಿಲ್ ಬಿಸಿಯಾಗಿ ಸುಟ್ಟುಹೋಗಬಹುದು.

ಅಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ

ಮೆಟ್ಟಿಲಿನಲ್ಲಿ ಎರಡು ಜಾತಿ ಇದೆ. ಯಾವುದು ಅಂತ ಮೊದಲು ಗುರುತಿಸಿ.

ಪರೀಕ್ಷೆ ಸುಲಭ. ಸ್ಯಾಂಪಲ್ ರೇಟನ್ನು ಎರಡು ಪಟ್ಟು ಮಾಡಿ, ಅದಕ್ಕೆ ತಕ್ಕಂತೆ ಅಲೆಯನ್ನು ಹೊಸದಾಗಿ ಲೆಕ್ಕ ಹಾಕಿ. ಮೆಟ್ಟಿಲುಗಳ ಅಗಲ ಅರ್ಧಕ್ಕೆ ಇಳಿದರೆ ಅದು ಸಮಯದ ಮೆಟ್ಟಿಲು. ಏನೂ ಬದಲಾಗದೆ, ಸಿಗ್ನಲ್‌ನ ಎತ್ತರ ಜಾಸ್ತಿ ಮಾಡಿದಾಗ ಮಾತ್ರ ನಯವಾಗಿ ಕಂಡರೆ ಅದು ವೋಲ್ಟೇಜಿನ ಮೆಟ್ಟಿಲು.

ಸಮಯದ ಮೆಟ್ಟಿಲು ಕಾರ್ಡಿನ ಹುಟ್ಟುಗುಣ. ಒಂದು ಸ್ಯಾಂಪಲ್ ಬಂದಮೇಲೆ ಮುಂದಿನದು ಬರುವವರೆಗೆ ಅದೇ ವೋಲ್ಟೇಜನ್ನು ಅದು ಹಿಡಿದುಕೊಂಡಿರುತ್ತದೆ. 1,000 ಹರ್ಟ್ಸ್ ಸೈನ್ ವೇವನ್ನು ಸೆಕೆಂಡಿಗೆ 10,000 ಸ್ಯಾಂಪಲ್‌ನಲ್ಲಿ ಬಿಟ್ಟರೆ ಒಂದು ಸುತ್ತಿಗೆ ಹತ್ತೇ ಮೆಟ್ಟಿಲು. ಎಫ್‌ಎಫ್‌ಟಿಯಲ್ಲಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುವ ಲೆಕ್ಕ) ನೋಡಿದರೆ 9,000 ಮತ್ತು 11,000 ಹರ್ಟ್ಸ್‌ನಲ್ಲಿ ನೆರಳಿನಂತೆ ಎರಡು ಗೆರೆ ಏಳುತ್ತವೆ. 9,000ದ್ದು ಮೂಲ ಸಿಗ್ನಲ್ಲಿನ ಒಂಬತ್ತನೇ ಒಂದು ಭಾಗ, ಅಂದರೆ ಸುಮಾರು 11 ಪರ್ಸೆಂಟ್! ರೇಟನ್ನು 1,00,000ಕ್ಕೆ ಏರಿಸಿ. ಆ ನೆರಳು 99,000 ಹರ್ಟ್ಸ್‌ಗೆ ಓಡುತ್ತದೆ, ಎತ್ತರವೂ 1 ಪರ್ಸೆಂಟ್‌ಗೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ.

ಉಳಿದ ಆ ಒಂದು ಪರ್ಸೆಂಟ್ ಕೂಡ ಬೇಡ ಅಂದರೆ 1 ಕಿಲೋಓಮ್ ರೆಸಿಸ್ಟರ್, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿ ಸಣ್ಣ ಫಿಲ್ಟರ್ ಮಾಡಿ. ಅದು ಸುಮಾರು 16,000 ಹರ್ಟ್ಸ್‌ನ ಮೇಲೆ ಕತ್ತರಿಸಲು ಶುರು ಮಾಡುತ್ತದೆ. ನಿಮ್ಮ 1,000 ಹರ್ಟ್ಸ್ ಸಿಗ್ನಲ್ ಅರ್ಧ ಪರ್ಸೆಂಟ್ ಕೂಡ ಇಳಿಯುವುದಿಲ್ಲ, 99,000ದ ನೆರಳು ಮಾತ್ರ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಎರಡು ಸಾಮಾನು. ಮುಂದಿರುವ ಆಂಪ್ಲಿಫೈಯರ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಮಾತ್ರ ಈ 1 ಕಿಲೋಓಮ್‌ಗಿಂತ ಬಹಳ ಜಾಸ್ತಿ ಇರಬೇಕು. ಇಲ್ಲದಿದ್ದರೆ ಸಿಗ್ನಲ್ಲೇ ಇಳಿದುಹೋಗುತ್ತದೆ.

ವೋಲ್ಟೇಜಿನ ಮೆಟ್ಟಿಲಿನ ಕಥೆ ಬೇರೆ. 20 ವೋಲ್ಟ್‌ನ ಹರವನ್ನು 16 ಬಿಟ್ ಕಾರ್ಡ್ 65,536 ಭಾಗ ಮಾಡುತ್ತದೆ. ಒಂದು ಭಾಗಕ್ಕೆ ಸುಮಾರು 305 ಮೈಕ್ರೋವೋಲ್ಟ್. ನಿಮಗೆ ಬೇಕಾದ ಸಿಗ್ನಲ್ ಸೊನ್ನೆಯಿಂದ ನೆತ್ತಿಗೆ ಬರೀ 20 ಮಿಲಿವೋಲ್ಟ್ (ಮೇಲಿಂದ ಕೆಳಗೆ 40) ಎತ್ತರದ್ದಾದರೆ, ಮೇಲಿಂದ ಕೆಳಗೆ 131 ಮೆಟ್ಟಿಲಷ್ಟೇ ಸಿಗುತ್ತವೆ. 12 ಬಿಟ್ ಕಾರ್ಡಿನಲ್ಲಾದರೆ ಎಂಟೇ ಮೆಟ್ಟಿಲು. ಇದಕ್ಕೆ ದುಬಾರಿ ಕಾರ್ಡ್ ಬೇಡ. ಕಾರ್ಡಿನಿಂದ 2 ವೋಲ್ಟ್‌ನ ದೊಡ್ಡ ಸಿಗ್ನಲ್ ತೆಗೆಯಿರಿ. ಲೋಡಿನ ಹತ್ತಿರ 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್ ಜೋಡಿಸಿ, 100 ಓಮ್‌ನ ಎರಡು ತುದಿಗಳಿಂದ ಸಿಗ್ನಲ್ ತೆಗೆದುಕೊಳ್ಳಿ. ವೋಲ್ಟೇಜ್ 101ನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೆಟ್ಟಿಲುಗಳು 13,000 ದಾಟುತ್ತವೆ. ಕಾರ್ಡಿನ ಮತ್ತು ದಾರಿಯ ನಾಯ್ಸ್ ಕೂಡ ಜೊತೆಗೇ 101ನೇ ಒಂದು ಭಾಗ ಆಗುತ್ತದೆ. ಈ ಸಣ್ಣ ಉಪಾಯ ನನಗೆ ಬಹಳ ಇಷ್ಟ.

ಲೆಕ್ಕ ಹಾಕಿದಂತೆ 'ಟಿಕ್ ಟಿಕ್' ಬರುತ್ತಿದೆ

ಶೇಕರ್‌ಗೆ ಕಿವಿ ಕೊಟ್ಟರೆ ಗಡಿಯಾರದ ಹಾಗೆ ಕೇಳಿಸುತ್ತದೆ. ಸಿಆರ್‌ಓದಲ್ಲಿ ಅಲೆ ಚೆನ್ನಾಗಿ ಹೋಗುತ್ತಾ ಒಮ್ಮೆಗೇ ಮುರಿದು ಮತ್ತೆ ಶುರುವಾಗುತ್ತದೆ. ಅಂತರ ಪ್ರತಿ ಸಲವೂ ಒಂದೇ.

ಇದು ಬಫರ್‌ನ (ಆಡಿಸಬೇಕಾದ ಸ್ಯಾಂಪಲ್‌ಗಳನ್ನು ತುಂಬಿಡುವ ಮೆಮೊರಿಯ) ಹೊಲಿಗೆ ಸರಿಯಾಗಿ ಕೂಡದ ಲಕ್ಷಣ. ಕಾರ್ಡ್ ನೀವು ಕೊಟ್ಟ ತುಂಡನ್ನು ಕೊನೆ ಮುಟ್ಟಿಸಿ ಮತ್ತೆ ಮೊದಲಿನಿಂದ ಆಡಿಸುತ್ತದೆ. ತುಂಡಿನಲ್ಲಿ ಪೂರ್ತಿ ಸುತ್ತುಗಳೇ ಇರಬೇಕು. ಸೆಕೆಂಡಿಗೆ 10,000 ಸ್ಯಾಂಪಲ್, ಬಫರ್‌ನಲ್ಲಿ 1,000 ಸ್ಯಾಂಪಲ್ ಅಂದುಕೊಳ್ಳಿ. ಬಫರ್ 0.1 ಸೆಕೆಂಡಿನದು. 50 ಹರ್ಟ್ಸ್ ಆದರೆ ಸರಿಯಾಗಿ 5 ಸುತ್ತು, ಹೊಲಿಗೆ ಕಾಣುವುದೇ ಇಲ್ಲ. 52.3 ಹರ್ಟ್ಸ್ ಆದರೆ 5.23 ಸುತ್ತು. ಅಲೆ ಹೆಚ್ಚುಕಡಿಮೆ ನೆತ್ತಿಯಲ್ಲಿದ್ದಾಗ ಬಫರ್ ಮುಗಿಯುತ್ತದೆ, ಒಮ್ಮೆಗೇ ಸೊನ್ನೆಗೆ ಧುಮುಕುತ್ತದೆ. ಸೆಕೆಂಡಿಗೆ ಹತ್ತು ಸಲ. ನೀವು ಕೇಳುತ್ತಿದ್ದ ಟಿಕ್ ಅದೇ.

ಹಾಗಾಗಿ ಮೊದಲು ಟಿಕ್‌ಗಳ ನಡುವಿನ ಸಮಯ ಅಳೆಯಿರಿ. ಬಫರ್ ಉದ್ದಕ್ಕೆ ಸರಿಹೊಂದಿದರೆ ಕಳ್ಳ ಸಿಕ್ಕಿದ ಹಾಗೆ. ಪರಿಹಾರ ಎರಡು ಇವೆ. ಫ್ರೀಕ್ವೆನ್ಸಿಯನ್ನು ಬಫರ್‌ಗೆ ಹೊಂದುವಂತೆ 50 ಅಥವಾ 60 ಮಾಡಿಕೊಳ್ಳಿ. ಅಥವಾ 52.3 ಬೇಕೇ ಬೇಕು ಅಂದರೆ ಬಫರನ್ನು 1,00,000 ಸ್ಯಾಂಪಲ್ ಮಾಡಿ. 10 ಸೆಕೆಂಡಿಗೆ ಸರಿಯಾಗಿ 523 ಸುತ್ತು ಕೂರುತ್ತವೆ.

ಸುತ್ತುಗಳೆಲ್ಲ ಪೂರ್ತಿ ಇದ್ದರೂ ಹೊಲಿಗೆಯಲ್ಲಿ ಸಣ್ಣ ಚಪ್ಪಟೆ ಕಂಡರೆ ಪೈಥಾನ್ ಕೋಡ್ ನೋಡಿ. ಸಮ ಅಂತರದ ಅಂಕಿಗಳನ್ನು ಕೊಡುವ ನಮ್‌ಪೈನ ಲಿನ್‌ಸ್ಪೇಸ್ ತಾನಾಗಿ ಕೊನೆಯ ಬಿಂದುವನ್ನೂ ಸೇರಿಸಿಕೊಳ್ಳುತ್ತದೆ. ಸುತ್ತಿನ ಕೊನೆಯ ಬಿಂದು ಮುಂದಿನ ಸುತ್ತಿನ ಮೊದಲ ಬಿಂದುವೇ ಅಲ್ವಾ? ಒಂದೇ ವೋಲ್ಟೇಜ್ ಎರಡು ಸಲ ಬಂದು ಅಲೆ ಅಲ್ಲಿ ಒಂದು ಸ್ಯಾಂಪಲ್ ಎಡವುತ್ತದೆ. ಕೊನೆಯ ಬಿಂದು ಬೇಡ ಅಂತ ಹೇಳಿ, ಅಥವಾ ಸೊನ್ನೆಯಿಂದ 999ರವರೆಗೆ ಎಣಿಸಿ 1,000ದಿಂದ ಭಾಗಿಸಿ.

ತುಂಡು ತುಂಡಾಗಿ ಬರೆಯುತ್ತಾ ಹೋಗುವ ಪ್ರೋಗ್ರಾಂ ಆದರೆ ಪ್ರತಿ ತುಂಡನ್ನೂ ಸೊನ್ನೆ ಫೇಸ್‌ನಿಂದ (ಸುತ್ತಿನ ಶುರುವಿನಿಂದ) ಶುರು ಮಾಡಬೇಡಿ. ಹಿಂದಿನ ತುಂಡು ಎಲ್ಲಿ ಮುಗಿಯಿತೋ ಆ ಫೇಸನ್ನು ನೆನಪಿಟ್ಟು ಅಲ್ಲಿಂದ ಮುಂದುವರಿಸಿ.

ಯಾವಾಗೆಂದರೆ ಆವಾಗ ಮುರಿಯುತ್ತದೆ, ಎರರ್ ಕೊಟ್ಟು ನಿಲ್ಲುತ್ತದೆ

ಅಂತರಕ್ಕೆ ಲೆಕ್ಕವೇ ಇಲ್ಲ ಅಂದರೆ ಲ್ಯಾಪ್‌ಟಾಪ್ ಡೇಟಾ ಕಳಿಸುವುದರಲ್ಲಿ ಹಿಂದೆ ಬೀಳುತ್ತಿದೆ. ಎರರ್ ಮೈನಸ್ 200290 ಬಂದರೆ ನಿಮ್ಮ ಪ್ರೋಗ್ರಾಂ ಹೊಸ ಸ್ಯಾಂಪಲ್‌ಗಳನ್ನು ಸಮಯಕ್ಕೆ ಬರೆಯಲಿಲ್ಲ ಅಂತ ಅರ್ಥ. ಮೈನಸ್ 200621 ಬಂದರೆ ಕಾರ್ಡಿನೊಳಗಿನ ಮೆಮೊರಿ ಬರಿದಾಯಿತು, ಯುಎಸ್‌ಬಿ ದಾರಿಯಲ್ಲಿ ಡೇಟಾ ಸಾಕಷ್ಟು ಬೇಗ ಬರಲಿಲ್ಲ ಅಂತ.

ಮೊದಲು ಯುಎಸ್‌ಬಿ ಹಬ್ ತೆಗೆದು ಕಾರ್ಡನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ಆಮೇಲೆ ಬಫರ್ ದೊಡ್ಡದು ಮಾಡಿ, ಒಂದು ಸಲಕ್ಕೆ ಬರೆಯುವ ತುಂಡನ್ನೂ ದೊಡ್ಡದು ಮಾಡಿ. ಒಂದೇ ಅಲೆ ಸುತ್ತುತ್ತಾ ಇದ್ದರೆ ಸಾಕು ಅನ್ನುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ. 6211ರ ಒಳಗಿನ ಮೆಮೊರಿಯಲ್ಲಿ 8,191 ಸ್ಯಾಂಪಲ್ ಹಿಡಿಯುತ್ತವೆ. ಅಲೆ ಅದರೊಳಗೆ ಕೂತರೆ, ಕಾರ್ಡಿನ ಮೆಮೊರಿಯಿಂದಲೇ ಆಡಿಸು ಅಂತ ಸೆಟ್ ಮಾಡಿ. ಆಮೇಲೆ ಲ್ಯಾಪ್‌ಟಾಪ್ ಎಷ್ಟೇ ತಡವರಿಸಿದರೂ ಸಿಗ್ನಲ್ ಅಲುಗುವುದಿಲ್ಲ.

ಎರರ್ ಬರದೆಯೂ ಮೋಸ ಆಗಬಹುದು. ಹಳೆಯ ಸ್ಯಾಂಪಲ್‌ಗಳನ್ನು ಮತ್ತೆ ಆಡಿಸಲು ಡ್ರೈವರ್ ತಾನಾಗಿ ಒಪ್ಪಿಕೊಂಡಿರುತ್ತದೆ. ನೀವು ಬರೆಯುವುದು ತಡವಾದರೆ ಹಿಂದಿನ ತುಂಡೇ ಇನ್ನೊಮ್ಮೆ ಹೋಗುತ್ತದೆ, ಯಾರೂ ನಿಮಗೆ ಹೇಳುವುದಿಲ್ಲ. ಸ್ವೀಪ್ ಟೆಸ್ಟ್ (ಫ್ರೀಕ್ವೆನ್ಸಿ ಬದಲಾಯಿಸುತ್ತಾ ಹೋಗುವ ಪರೀಕ್ಷೆ) ಮಾಡುವವರು ಈ ರೀಜನರೇಷನ್ ಆಯ್ಕೆಯನ್ನು ಆಫ್ ಮಾಡಿಡಿ. ತಪ್ಪಾದರೆ ಎರರ್ ಆದರೂ ಬರಲಿ.

ತಿರುಪಿನಲ್ಲಿ ಚೆನ್ನಾಗಿದೆ, ಲೋಡ್ ಹಾಕಿದರೆ ಕುಗ್ಗುತ್ತದೆ ಅಥವಾ ನೆತ್ತಿ ಚಪ್ಪಟೆಯಾಗುತ್ತದೆ

ಕಾರ್ಡಿನ ಶಕ್ತಿ ಮುಗಿಯಿತು ಅಂತ ಅರ್ಥ. 6211ರ ಒಂದು ಔಟ್‌ಪುಟ್ ಕೊಡುವ ಕರೆಂಟ್ ಬರೀ 2 ಮಿಲಿಆಂಪಿಯರ್. 10 ವೋಲ್ಟ್ ಬೇಕಾದರೆ ಲೋಡ್ 5 ಕಿಲೋಓಮ್‌ಗಿಂತ ಕಡಿಮೆ ಇರಬಾರದು. 32 ಓಮ್‌ನ ಹೆಡ್‌ಫೋನನ್ನು ನೇರವಾಗಿ ಹಾಕಿದರೆ ಆ ಕರೆಂಟಿಗೆ ಸಿಗುವುದು 64 ಮಿಲಿವೋಲ್ಟ್. ಸಿಆರ್‌ಓದಲ್ಲಿ ಯಾರೋ 50 ಓಮ್ ಇನ್‌ಪುಟ್ ಆಯ್ಕೆ ಮಾಡಿಟ್ಟು ಹೋಗಿದ್ದರೂ ಇದೇ ಲಕ್ಷಣ. ಅದನ್ನು ಮೊದಲೇ ನೋಡಿಬಿಡಿ.

ಲೋಡ್ ಒಂದೆರಡು ಕಿಲೋಓಮ್ ಆದರೆ ಮಧ್ಯೆ ಒಂದು ಆಪ್‌ಆಂಪ್ ಬಫರ್ ಸಾಕು (ಮೇಲೆ ಹೇಳಿದ ಮೆಮೊರಿ ಅಲ್ಲ, ವೋಲ್ಟೇಜ್ ಬದಲಾಯಿಸದೆ ಹೆಚ್ಚು ಕರೆಂಟ್ ಕೊಡುವ ಸರ್ಕ್ಯೂಟ್). ಕಾಲೇಜಿನ ಡ್ರಾಯರ್‌ನಲ್ಲಿ ಸಿಗುವ ಟಿಎಲ್072 ಚಿಪ್, ಪ್ಲಸ್ ಮೈನಸ್ 15 ವೋಲ್ಟ್ ಸಪ್ಲೈ. ಸ್ಪೀಕರ್, ಶೇಕರ್, ಮೋಟರ್ ಆದರೆ ಪವರ್ ಆಂಪ್ಲಿಫೈಯರ್ ಬೇಕೇ ಬೇಕು.

ಸಿಗ್ನಲ್ ಜೊತೆ 'ಗುಂಯ್' ಸೇರಿಕೊಂಡಿದೆ

ಅತಿ ಹೆಚ್ಚು ಸಮಯ ತಿನ್ನುವ ತಪ್ಪು ಇದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಇದು ಕರೆಂಟ್ ಲೈನಿನಿಂದಲೇ ಬಂದದ್ದೇ ಅಂತ ಖಚಿತ ಮಾಡಿಕೊಳ್ಳಿ. ಕಾರ್ಡಿನಿಂದ ಸೊನ್ನೆ ವೋಲ್ಟ್ ಬರೆಯಿರಿ. ಸಿಆರ್‌ಓದ ಟ್ರಿಗರನ್ನು 'ಲೈನ್'ಗೆ ಹಾಕಿ. ಕಸದ ಅಲೆ ಪರದೆಯ ಮೇಲೆ ಅಲ್ಲಾಡದೆ ನಿಂತರೆ ಅದು ಮೇನ್ಸ್‌ನದೇ. ಈಗ ಸುತ್ತಿನ ಸಮಯ ಅಳೆಯಿರಿ. 20 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸ್ ಇದ್ದರೆ ವೈರ್ ಅಥವಾ ಅರ್ಥಿಂಗ್ ನೋಡಿ. 10 ಮಿಲಿಸೆಕೆಂಡ್, 100 ಹರ್ಟ್ಸ್ ಇದ್ದರೆ ಯಾವುದೋ ಪವರ್ ಸಪ್ಲೈನ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಇರುವ ಸಾಧ್ಯತೆ ಜಾಸ್ತಿ. ಆಗ ಆಂಪ್ಲಿಫೈಯರ್ ಕಡೆ ನೋಡಿ.

50 ಹರ್ಟ್ಸ್ ಆದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಗುಂಯ್ ಹೋಯಿತೇ? ಹಾಗಾದರೆ ಚಾರ್ಜರ್ ಮೂಲಕ ಗ್ರೌಂಡ್ ಲೂಪ್ ಆಗಿದೆ. ಲ್ಯಾಪ್‌ಟಾಪ್ ಒಂದು ಕಡೆಯಿಂದ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ ಅರ್ಥ್ ಹಿಡಿದಿವೆ, ನಡುವೆ ನಿಮ್ಮ ಸಿಗ್ನಲ್ ವೈರಿನ ಗ್ರೌಂಡ್‌ನಲ್ಲೇ ಸಣ್ಣ ಕರೆಂಟ್ ಹರಿಯುತ್ತಿದೆ.

ಒಮ್ಮೆ ನಾವು ಇದೇ ಗುಂಯ್ ಹಿಂದೆ ಎರಡು ದಿನ ಅಲೆದೆವು. ಹೊಸ ಶೀಲ್ಡ್ ವೈರ್ ಹಾಕಿದೆವು. ಲ್ಯಾಪ್‌ಟಾಪ್ ಬದಲಾಯಿಸಿದೆವು. ನಮ್ಮದು ಚಪ್ಪಲಿ ಹೊರಗೆ ಬಿಟ್ಟು ಬರುವ ಲ್ಯಾಬ್. ಎರಡನೇ ದಿನ ಸಂಜೆ ಬರಿಗಾಲಲ್ಲಿ ನಿಂತಿದ್ದ ಹುಡುಗನೊಬ್ಬ ಲ್ಯಾಪ್‌ಟಾಪಿನ ಮೆಟಲ್ ಅಂಚು ಮುಟ್ಟಿ, "ಮೇಡಂ, ಕೈ ಜುಂ ಅಂತಿದೆ" ಅಂದ. ಅಲ್ಲಿಗೆ ಗೊತ್ತಾಯಿತು. ಎಕ್ಸ್‌ಟೆನ್ಷನ್ ಬಾಕ್ಸಿನ ಪ್ಲಗ್ ಬಿಚ್ಚಿದರೆ ಹಸಿರು ವೈರ್ ತಿರುಪಿನಿಂದ ಕಳಚಿಕೊಂಡು ಸುಮ್ಮನೆ ಮೂಲೆಯಲ್ಲಿ ಕೂತಿತ್ತು. ಪ್ಲಗ್‌ನಲ್ಲಿ ಮೂರು ಪಿನ್ ಇತ್ತು, ಅರ್ಥ್ ಮಾತ್ರ ಇರಲಿಲ್ಲ. ಆ ವೈರ್ ಬಿಗಿ ಮಾಡಿದ ಮೇಲೆ ಗುಂಯ್ ನಿಂತಿತು. ನನಗೆ ಸಿಗ್ನಲ್ ಸರಿಹೋದ ಖುಷಿಗಿಂತ, ಎರಡು ದಿನ ಮಕ್ಕಳು ಆ ಬಾಕ್ಸ್ ಮುಟ್ಟಿಕೊಂಡೇ ಕೆಲಸ ಮಾಡಿದ್ದರಲ್ಲ ಅನ್ನುವ ಭಯವೇ ಜಾಸ್ತಿ ಆಯಿತು.

ಹಾಗಾಗಿ ಲ್ಯಾಪ್‌ಟಾಪ್, ಆಂಪ್ಲಿಫೈಯರ್, ಸಿಆರ್‌ಓ ಮೂರನ್ನೂ ಅರ್ಥ್ ಸರಿ ಇರುವ ಒಂದೇ ಬೋರ್ಡ್‌ನಿಂದ ತೆಗೆದುಕೊಳ್ಳಿ. ಸಿಗ್ನಲ್ ವೈರನ್ನು ಅದರ ಗ್ರೌಂಡ್ ವೈರ್ ಜೊತೆ ಹುರಿ ಮಾಡಿ, ಕರೆಂಟ್ ವೈರಿನಿಂದ ದೂರ ಇಡಿ. ಹೊರಗಿನ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಆಂಪ್ಲಿಫೈಯರ್‌ಗೆ ಡಿಫರೆನ್ಷಿಯಲ್ ಇನ್‌ಪುಟ್ (ಎರಡು ವೈರ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವಂಥದ್ದು) ಇದ್ದರೆ ಅದನ್ನೇ ಬಳಸಿ. ಇಷ್ಟಾದರೂ ಹೋಗದಿದ್ದರೆ ನಡುವೆ ಒಂದು ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದರಲ್ಲಿ ಡಿಸಿ ದಾಟುವುದಿಲ್ಲ, ತೀರಾ ಕಡಿಮೆ ಫ್ರೀಕ್ವೆನ್ಸಿಯೂ ಸರಿಯಾಗಿ ದಾಟುವುದಿಲ್ಲ.

ಜಾಗ್ರತೆ: ಗುಂಯ್ ಹೋಗಲಿ ಅಂತ ಸಿಆರ್‌ಓದ ಅಥವಾ ಆಂಪ್ಲಿಫೈಯರ್‌ನ ಅರ್ಥ್ ಪಿನ್ ಕತ್ತರಿಸಬೇಡಿ, ಅದಕ್ಕೆ ಎರಡು ಪಿನ್ ಅಡಾಪ್ಟರ್ ಹಾಕಬೇಡಿ. ಗುಂಯ್ ಹೋಗಬಹುದು. ಒಳಗೆ ಎಲ್ಲಾದರೂ ಲೀಕೇಜ್ ಆದರೆ ಮೆಟಲ್ ಡಬ್ಬವೇ 230 ವೋಲ್ಟ್ ಆಗುತ್ತದೆ. ಸಿಆರ್‌ಓದ ಗ್ರೌಂಡ್ ಕ್ಲಿಪ್ ಅರ್ಥ್‌ಗೇ ಸೇರಿರುತ್ತದೆ, ಹಾಗಾಗಿ ಅದನ್ನು ಎಒ 0 ತಿರುಪಿಗೆ ಹಾಕಿದರೆ ಔಟ್‌ಪುಟ್ ಶಾರ್ಟ್ ಆಗುತ್ತದೆ.

ಅಲೆ ಸರಿ ಇದೆ, ಮೈತುಂಬ ಕೂದಲಿನಂಥ ನಾಯ್ಸ್

ಚಾರ್ಜರ್ ಕಿತ್ತಾಗ ಹೋದರೆ ಚಾರ್ಜರ್‌ನದು. ನಿಖರವಾಗಿ 1,000 ಹರ್ಟ್ಸ್‌ನಲ್ಲಿ ಸಣ್ಣ ಸಿಳ್ಳೆಯಂತೆ ಇದ್ದರೆ ಯುಎಸ್‌ಬಿ ಮೇಲೆ ಅನುಮಾನಪಡಿ. ಫುಲ್ ಸ್ಪೀಡ್ ಯುಎಸ್‌ಬಿ ಮಿಲಿಸೆಕೆಂಡಿಗೊಮ್ಮೆ ಫ್ರೇಮ್ ಕಳಿಸುತ್ತದೆ. ಬೇರೆ ಪೋರ್ಟ್, ಗಿಡ್ಡ ಕೇಬಲ್ ಹಾಕಿ ನೋಡಿ.

ಚೌಕದ ಅಲೆಯ ಅಂಚಿನಲ್ಲಿ ಮಾತ್ರ ನಡುಕ ಇದ್ದರೆ ಕೇಬಲ್ ಉದ್ದ ಕಾರಣ. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹೊರೆ ಹಾಕುತ್ತದೆ. ಕಾರ್ಡಿನ ತಿರುಪಿನಲ್ಲೇ ಸರಣಿಯಲ್ಲಿ 100 ಓಮ್ ಹಾಕಿದರೆ ನಡುಕ ಇಳಿಯುತ್ತದೆ.

ಸೈನ್ ವೇವ್ ಸೊನ್ನೆ ದಾಟುವಾಗಷ್ಟೇ ಒಂದು ಸಣ್ಣ ಮೊನೆ ಕಂಡರೆ ಅದು ಡಿಜಿಟಲ್‌ನಿಂದ ಅನಲಾಗ್ ಮಾಡುವ ಚಿಪ್ಪಿನ ಗುಣ. ಅಲ್ಲಿ ಬಿಟ್‌ಗಳೆಲ್ಲ ಒಟ್ಟಿಗೇ ಮಗ್ಗುಲು ಬದಲಾಯಿಸುತ್ತವೆ. ಮೇಲೆ ಹೇಳಿದ ಫಿಲ್ಟರ್ ಇದನ್ನೂ ಬಹುಪಾಲು ನುಂಗುತ್ತದೆ.

ಫ್ರೀಕ್ವೆನ್ಸಿ ಸ್ವಲ್ಪ ತಪ್ಪು ಬರುತ್ತಿದೆ

ಕೇಳಿದ ಸ್ಯಾಂಪಲ್ ರೇಟೇ ಸಿಗುತ್ತದೆ ಅಂತ ಇಲ್ಲ. ಕಾರ್ಡ್ 20 ಮೆಗಾಹರ್ಟ್ಸ್ ಕ್ಲಾಕನ್ನು ಪೂರ್ಣ ಸಂಖ್ಯೆಯಿಂದ ಮಾತ್ರ ಭಾಗಿಸುತ್ತದೆ. 44,100 ಕೇಳಿದರೆ ಭಾಗಲಬ್ಧ 453.5, ಅದು ಆಗದ ಮಾತು. ಹಾಗಾಗಿ ಅಕ್ಕಪಕ್ಕದ ರೇಟ್ ಕೊಡುತ್ತದೆ, ನಿಮ್ಮ 1,000 ಹರ್ಟ್ಸ್ ಸುಮಾರು 1 ಹರ್ಟ್ಸ್ ಆಚೀಚೆ ಆಗುತ್ತದೆ. ಸೆಟ್ ಮಾಡಿದ ಮೇಲೆ ನಿಜವಾದ ರೇಟನ್ನು ಡ್ರೈವರ್‌ನಿಂದ ಓದಿ, ಅದರ ಮೇಲೆ ಅಲೆ ಲೆಕ್ಕ ಹಾಕಿ. ಅಥವಾ 40,000, 50,000ದಂಥ ಸರಿಯಾಗಿ ಭಾಗವಾಗುವ ರೇಟ್ ಆರಿಸಿ.

ಎಲ್ಲಿ ನಿಲ್ಲಿಸಬೇಕು

ಮೈಗೆ ಜುಂ ಅಂದರೆ, ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಸಾಕೆಟ್ಟಿನ ಅರ್ಥ್ ಪರೀಕ್ಷೆ ಅವರ ಕೆಲಸ, ವಿದ್ಯಾರ್ಥಿಗಳದ್ದಲ್ಲ. ಆಂಪ್ಲಿಫೈಯರ್ ಒಳಗೆ ಕೈ ಹಾಕಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಕಾರ್ಡೇ ಹೋಗಿದೆ ಅಂತ ಹೇಳಲು ಇಷ್ಟು ಆಗಿರಬೇಕು: ವೈರ್ ಏನೂ ಇಲ್ಲ, ಟೆಸ್ಟ್ ಪ್ಯಾನಲ್‌ನಿಂದ 0, 2, 5, ಮೈನಸ್ 5 ವೋಲ್ಟ್ ಬರೆದಿದ್ದೀರಿ, ಮಲ್ಟಿಮೀಟರ್ ಬೇರೆಯದೇ ಹೇಳುತ್ತಿದೆ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲೂ ಹಾಗೇ ಇದೆ. ಆ ನಾಲ್ಕು ಅಳತೆಗಳನ್ನು ಎಒ 0, ಎಒ 1 ಎರಡಕ್ಕೂ ಬರೆದು ಸರ್ವಿಸ್‌ನವರಿಗೆ ಕಳಿಸಿ. ಬೇಗ ಉತ್ತರ ಬರುತ್ತದೆ. ನಾನು ನೋಡಿದ ಆ ಎರಡು ಕಾರ್ಡ್‌ಗಳಲ್ಲೂ ಎಒ 0 ಮಾತ್ರ ಸತ್ತಿತ್ತು, ಎಒ 1 ಚೆನ್ನಾಗಿತ್ತು. ಎರಡೂ ಸಲ 24 ವೋಲ್ಟ್ ಸಪ್ಲೈನ ವೈರ್ ಔಟ್‌ಪುಟ್ ತಿರುಪಿಗೆ ತಗುಲಿತ್ತು. ಈಗ ನಮ್ಮ ಲ್ಯಾಬ್‌ನಲ್ಲಿ 24 ವೋಲ್ಟ್ ವೈರ್‌ಗಳಿಗೆ ಕೆಂಪು ಟೇಪ್ ಸುತ್ತಿದ್ದೇವೆ, ಕಾರ್ಡಿರುವ ಮೇಜಿನ ಮೇಲೆ ಅವನ್ನು ತರುವುದಿಲ್ಲ.